ಅಕ್ಕನ ಕಣ್ಣಿಗೆ ಅಡ್ಡ ಬಂದ ಕ್ಷುದ್ರಗ್ರಹ

ಕೇಳಿದ್ದಕ್ಕಷ್ಟೇ ಉತ್ತರ ಹೇಳಿ ಸುಮ್ಮನಾಗುವ ವಿದ್ಯೆ ಮೇಷ್ಟರುಗಳಿಗೆ ಒಲಿದಿಲ್ಲ. ನಿವೃತ್ತನಾದ ಮೇಲೆ ನಾನಂತೂ ಇನ್ನೂ ಕೆಟ್ಟಿದ್ದೇನೆ. ಜಯನಗರದ ತರಕಾರಿ ಅಂಗಡಿಯಲ್ಲಿ ಟೊಮೇಟೊ ಹಣ್ಣೋ ತರಕಾರಿಯೋ ಎಂದು ವಿವರಿಸುತ್ತ ನಿಂತು, ಹಿಂದಿದ್ದವರೆಲ್ಲ ತೂಕ ಮಾಡಿಸಿಕೊಂಡು ಹೋದದ್ದುಂಟು. ಆದರೂ ವಿಜ್ಞಾನವನ್ನು ಸರಳವಾಗಿ ಹೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ನಂಬಿಕೆ ನನ್ನದು. ಅದನ್ನು ಅಲುಗಾಡಿಸಿದ್ದು ಅಕ್ಕನ ಕಣ್ಣಿನ ಪೊರೆ.

ಅಕ್ಕ ಇರುವುದು ನಮ್ಮ ಮನೆಯಲ್ಲೇ. ಹಾಲೆಂದು ಮಜ್ಜಿಗೆಯನ್ನು ಒಲೆಯ ಮೇಲಿಡುವಷ್ಟು, ಎದುರಿನ ಆಟೋ ಮೈಮೇಲೆ ಬರುವತನಕ ಕಾಣದಷ್ಟು ಪೊರೆ ಬೆಳೆದಿತ್ತು. ಆಪರೇಷನ್ ಎಂದರೆ ಮಾತ್ರ ಒಮ್ಮೆ ಆಷಾಢ, ಒಮ್ಮೆ ನೆಗಡಿ, ಒಮ್ಮೆ ಉಪ್ಪಿನಕಾಯಿ ಹಾಕುವ ಕಾಲ. ನನ್ನ ಹೆಂಡತಿ ಸುಮಾ ಹೇಗೋ ಒಪ್ಪಿಸಿ ದಿನ ಗೊತ್ತು ಮಾಡಿದಳು. ಅದರ ಹಿಂದಿನ ಸಂಜೆ, ಏನನ್ನು ಅಷ್ಟು ಮುಳುಗಿ ಓದುತ್ತಿದ್ದೀಯ ಎಂದು ಅಕ್ಕ ಕೇಳಿದಳು.

"ಹೈಜಿಯಾ ಅಂತ ಅಕ್ಕ, ಭಾರಿ ಕ್ಷುದ್ರಗ್ರಹ. ಇದ್ದಿಲಿನ ಹಾಗೆ ಕಪ್ಪು. ಮಂಗಳ, ಗುರು ಇಬ್ಬರ ಮಧ್ಯೆ ಸುತ್ತುತ್ತೆ" ಎಂದೆ.

ಇದಕ್ಕಿಂತ ಸರಳವಾಗಿ ಯಾರು ಹೇಳಿಯಾರು? ಅಕ್ಕ ಆಪರೇಷನ್ ಬೇಡ ಎಂದಳು. ನವಗ್ರಹಗಳ ಕಾಟವೇ ಸಾಕಾಗಿರುವಾಗ ಹತ್ತನೆಯದೊಂದು, ಅದೂ ಕಪ್ಪು, ಅದೂ ಕ್ಷುದ್ರ, ಗುರುಬಲಕ್ಕೆ ಅಡ್ಡ ಕೂತಿರುವಾಗ ಕಣ್ಣಿಗೆ ಕತ್ತರಿ ಹಾಕಿಸುವುದುಂಟೇ ಎಂಬುದು ಅವಳ ವಾದ. ಈ ಮನೆಯಲ್ಲಿ ನಿಜವಾದ ಕ್ಷುದ್ರ ಯಾರೆಂಬುದು ಸುಮಾಳ ನೋಟದಲ್ಲೇ ಸ್ಪಷ್ಟವಾಗಿತ್ತು.

ನಾನು ಧೈರ್ಯಗೆಡಲಿಲ್ಲ. ಕ್ಷುದ್ರ ಎಂದರೆ ಬರೀ ಚಿಕ್ಕದು ಎಂದು ಶುರುಮಾಡಿದೆ. ಎಷ್ಟು ಚಿಕ್ಕದು ಎಂದಳು ಅಕ್ಕ. ಇಲ್ಲಿಂದ ಮಂಗಳೂರಿಗೆ ಇರುವ ದೂರಕ್ಕಿಂತ ಹೆಚ್ಚು ಅಗಲ ಎಂದೆ. ಅದು ಚಿಕ್ಕದೇ ಎಂದು ಕೇಳಿದಳು. ಮಾತು ಬಿಟ್ಟು ಪ್ರಯೋಗಕ್ಕಿಳಿದೆ. ಊಟದ ಮೇಜಿನ ನಡುವೆ ಸೂರ್ಯನಾಗಿ ನಿಂಬೆಹಣ್ಣು ಇಟ್ಟು, ಸುತ್ತ ಉಂಗುರದಂತೆ ಕರಿಮೆಣಸಿನ ಕಾಳು ಚೆಲ್ಲಿದೆ. ಈ ಕಾಳುಗಳಲ್ಲಿ ಹೈಜಿಯಾ ಒಂದು, ಭೂಮಿಯ ದಾರಿಗೆ ಅದು ಬರುವುದೇ ಇಲ್ಲ ಎಂದು ವಿವರಿಸಿದೆ. ಅಕ್ಕ ಬಗ್ಗಿ, ಮಸುಕು ಕಣ್ಣನ್ನು ಕಿರಿದು ಮಾಡಿ ನೋಡಿದಳು.

"ನಿಂಬೆಹಣ್ಣು, ಕರಿಮೆಣಸು, ಮಂಡಲ. ಮನೇಲಿ ಇಂಥದ್ದೆಲ್ಲ ಬೇಡ ಕಿಟ್ಟಿ" ಎಂದಳು, ಮೆಲ್ಲಗೆ.

ಸುಮಾ ಕಾಳುಗಳನ್ನು ಬಾಚಿ ಡಬ್ಬಿಗೆ ಹಾಕುತ್ತ, ಹೈಜಿಯಾ ಅಂದರೇನು ಎಂದು ಸುಮ್ಮನೆ ಕೇಳಿದಳು. ಗ್ರೀಕರ ಆರೋಗ್ಯ ದೇವತೆಯ ಹೆಸರು ಎಂದು ನಾನು ಬೇಸರದಲ್ಲೇ ಗೊಣಗಿದೆ. ಅಕ್ಕ ತಲೆಯೆತ್ತಿದಳು.

"ದೇವತೆನಾ? ಮೊದ್ಲೇ ಹೇಳ್ಬಾರ್ದಾ?"

ಮಾರನೆಯ ದಿನ ನಮಗಿಂತ ಮುಂಚೆ ಸೀರೆ ಉಟ್ಟು ಹೊರಟು ನಿಂತವಳು ಅವಳೇ. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಮುಂಗೈ ಹಿಡಿದುಕೊಂಡಳು.

"ಕಾಣದೇ ಹೋದ್ರೆ ಪೇಪರ್ ಓದಿ ಹೇಳ್ತೀಯ ತಾನೆ?"

ಆಷಾಢ, ನೆಗಡಿ, ಉಪ್ಪಿನಕಾಯಿ ಎಲ್ಲವೂ ಯಾವ ಭಯದ ನೆಪವೆಂದು ನನಗೆ ಆಗ ತಿಳಿಯಿತು. "ಹೇಳ್ತೀನಿ ಅಕ್ಕ" ಎಂದೆ. ಬೇರೇನೂ ಸೇರಿಸಲಿಲ್ಲ.

ದೃಷ್ಟಿ ಚೆನ್ನಾಗಿ ಬಂತು. ಈಗ ಪತ್ರಿಕೆ ಮೊದಲು ಅವಳಿಗೆ, ಮಡಿಕೆ ಕೆಟ್ಟ ಮೇಲೆ ನನಗೆ. ಮೊನ್ನೆ ಸಂಜೆ ಪಾರ್ಕಿಗೆ ಹೋದರೆ ಅಕ್ಕನ ಸುತ್ತ ಹೆಂಗಸರ ಗುಂಪು. ಮಂಗಳ, ಗುರುಗಳ ನಡುವೆ ಕಲ್ಲುಗಳ ದೊಡ್ಡ ಬಳೆಯೇ ಇದೆ, ಅದರಲ್ಲೊಂದು ಕಪ್ಪು ದೇವಿ, ಯಾರ ತಂಟೆಗೂ ಬರದೆ ಸೂರ್ಯನಿಗೆ ಪ್ರದಕ್ಷಿಣೆ ಹಾಕುತ್ತಾಳೆ ಎಂದು ಹೇಳುತ್ತಿದ್ದಳು. ಒಬ್ಬರೂ ಆಕಳಿಸಲಿಲ್ಲ. ನನ್ನ ಒಂದು ತರಗತಿಗೂ ಆ ಭಾಗ್ಯ ಸಿಕ್ಕಿರಲಿಲ್ಲ. ದೇವಿ ಅಲ್ಲ, ಇಂಗಾಲ ತುಂಬಿದ ಬಂಡೆ ಎಂದು ತಿದ್ದಲು ಮುಂದಾದೆ.

"ನನ್ನ ತಮ್ಮ, ಸೈನ್ಸ್ ಮೇಷ್ಟ್ರು" ಎಂದು ಅಕ್ಕ ಪರಿಚಯಿಸಿದಳು. "ತುಂಬಾ ಓದಿದ್ದಾನೆ. ಹೇಳೋಕೆ ಬರಲ್ಲ ಅಷ್ಟೆ."

ಎಲ್ಲರೂ ಸರಿದು ಜಾಗ ಕೊಟ್ಟರು. ನಾನು ಕೂತು ಉಳಿದ ಪಾಠ ಕೇಳಿದೆ.