ಹಿಲ್ಕಾಳ ಓಟಕ್ಕೊಬ್ಬ ಬೆಂಗಾವಲು

ಹೆಂಡತಿ ಒಮ್ಮೆ ಓಡಿಹೋದರೆ ಊರಿಗೆ ಊರೇ ಗಂಡನ ಮೇಲೆ ಮರುಕ ತೋರಿಸುತ್ತದೆ. ದಿನಾ ಬೆಳಿಗ್ಗೆ ಓಡಿಹೋಗಿ, ಕಾಫಿಯ ಹೊತ್ತಿಗೆ ಸರಿಯಾಗಿ ವಾಪಸು ಬರುವ ಹೆಂಡತಿಯ ಗಂಡನನ್ನು ಮಾತ್ರ ಯಾರೂ ಏನೆಂದು ಕೇಳುವುದಿಲ್ಲ. ಎನ್ಸಿಯೊನ ಅಳಲು ಇದೇ ಆಗಿತ್ತು.

ಅವನ ಹೆಂಡತಿ ಹಿಲ್ಕಾ ಅಂಚೆ ಹಂಚುವ ಕೆಲಸದಿಂದ ನಿವೃತ್ತಳಾದ ಬೇಸಿಗೆಯಲ್ಲಿ ಓಡಲು ಶುರುಮಾಡಿದ್ದಳು. ಬೇಸಿಗೆಯಲ್ಲಿ ಯಾರು ಬೇಕಾದರೂ ಓಡಿಯಾರು. (ಧ್ರುವದಂಚಿನ ಲ್ಯಾಪ್‌ಲ್ಯಾಂಡಿನ ಬೇಸಿಗೆಯಲ್ಲಿ ನಿಂತವರನ್ನು ಸೊಳ್ಳೆ ಬಿಡುವುದಿಲ್ಲ, ಓಡುವುದೇ ವಾಸಿ.) ಹಿಮ ಬೀಳಲಿ, ತಾನಾಗಿಯೇ ನಿಲ್ಲಿಸುತ್ತಾಳೆ ಎಂದು ಎನ್ಸಿಯೊ ಕಾದ. ಹಿಮ ಬಿತ್ತು, ಅವಳು ಅಡಿಯಲ್ಲಿ ಮೊಳೆಗಳಿರುವ ಬೂಟು ತಂದಳು. ಹಗಲು ಕುಗ್ಗಿ ಅಂಗೈಯಷ್ಟಾಯಿತು. ಅವಳು ಹಣೆಗೆ ದೀಪ ಕಟ್ಟಿಕೊಂಡಳು. ಸರೋವರ ಹೆಪ್ಪುಗಟ್ಟಿತು, ಅವಳಿಗೆ ಓಡಲು ಇನ್ನಷ್ಟು ಜಾಗ ಸಿಕ್ಕಿತು. ಮೇ ಒಂದರ ಹಬ್ಬದವರೆಗೆ ಒಂದೇ ಒಂದು ದಿನವನ್ನೂ ತಪ್ಪಿಸುವುದಿಲ್ಲ ಎಂದು ಅವಳು ಶಪಥ ಮಾಡಿದ್ದಳು. ಶಪಥ ಮುರಿಯುವ ಪದ್ಧತಿ ಅವಳ ತವರಿನಲ್ಲೇ ಇರಲಿಲ್ಲ.

"ಹೊರಗೆ ಮೈನಸ್ ಇಪ್ಪತ್ತೆಂಟು ಕಣೇ!" ಎಂದು ಎನ್ಸಿಯೊ ಕಿಟಕಿಯ ಹೊರಗಿನ ಉಷ್ಣಮಾಪಕವನ್ನು ಬೆರಳಿನಿಂದ ತಟ್ಟುತ್ತ ಹೇಳುತ್ತಿದ್ದ.

"ಗಾಳಿ ಇಲ್ವಲ್ಲ."

"ಗಾಳೀನೂ ಹೆಪ್ಪುಗಟ್ಟಿರ್ಬೇಕು. ಜಾರಿ ಬಿದ್ರೆ?"

"ಎದ್ದೇಳ್ತೀನಿ."

"ಏಳಕ್ಕಾಗದೇ ಹೋದ್ರೆ?"

"ಮಲ್ಕೊಂಡಿರ್ತೀನಿ. ನೀನು ಮನೇಲಿ ಮಾಡೋದೂ ಅದೇ ತಾನೆ?"

ಮಾತಿನಲ್ಲಿ ಅವಳನ್ನು ಗೆದ್ದವರಿಲ್ಲ. ಆದರೆ ಎನ್ಸಿಯೊನ ಭಯ ಸುಳ್ಳಲ್ಲ. ಅವನ ಅಕ್ಕ ತೆಲ್ಲೆರ್ವೊ ಪತ್ರಿಕೆ ತರಲೆಂದು ಮನೆಯ ಮೆಟ್ಟಿಲಿಳಿದವಳು ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಆಮೇಲೆ ಅವಳು ನೆಟ್ಟಗೆ ನಡೆದದ್ದನ್ನು ಯಾರೂ ನೋಡಲಿಲ್ಲ. ಹಿಲ್ಕಾ ಬಾಗಿಲೆಳೆದುಕೊಂಡು ಹೊರಟ ಕ್ಷಣದಿಂದ ವಾಪಸು ಬಂದು ಬೂಟು ಕೊಡವುವವರೆಗೆ ಎನ್ಸಿಯೊಗೆ ಪತ್ರಿಕೆಯ ಒಂದು ಸಾಲೂ ತಲೆಗೆ ಹತ್ತುತ್ತಿರಲಿಲ್ಲ.

ಹಾಗಿರುವಾಗ ಅವನಿಗೊಂದು ದಿವ್ಯ ಜ್ಞಾನೋದಯವಾಯಿತು. ಉರುವಲಿನ ಕೊಟ್ಟಿಗೆಯಲ್ಲಿ ಅವನ ತಾಯಿಯ ಕಾಲದ ಒದೆಬಂಡಿ ಇತ್ತು. ಎರಡು ಉದ್ದನೆಯ ಉಕ್ಕಿನ ಪಟ್ಟಿ, ಮುಂದೊಂದು ಕುರ್ಚಿ, ಹಿಂದೊಂದು ಹಿಡಿ. ಒಂದು ಕಾಲನ್ನು ಪಟ್ಟಿಯ ಮೇಲಿಟ್ಟು ಇನ್ನೊಂದರಲ್ಲಿ ನೆಲವನ್ನು ಒದೆಯುತ್ತ ಹೋದರೆ ಮುದುಕಿಯರೂ ಮಂಜುಗಡ್ಡೆಯ ಮೇಲೆ ಜುಮ್ಮೆಂದು ಅಂಗಡಿಗೆ ಹೋಗಿ ಬರುತ್ತಾರೆ. ಎನ್ಸಿಯೊ ಅದರ ಕುರ್ಚಿಗೆ ಹಿಮಸಾರಂಗದ ಚರ್ಮ ಹಾಸಿದ. ಫ್ಲಾಸ್ಕು, ಕಂಬಳಿ, ಬ್ಯಾಂಡೇಜು, ಹಗ್ಗ, ಸೀಟಿ ಎಲ್ಲವನ್ನೂ ತುಂಬಿಸಿದ. ಹೆಂಡತಿ ಎಲ್ಲಿ ಬೀಳುತ್ತಾಳೋ ಅಲ್ಲೇ ಎತ್ತಿ ಕೂರಿಸಿಕೊಂಡು ಬರುವುದು, ಇದು ಯೋಜನೆ.

"ಬರ್ತೀಯಾದ್ರೆ ಬಾ," ಎಂದಳು ಹಿಲ್ಕಾ, ಆ ಸಂಚಾರಿ ಆಸ್ಪತ್ರೆಯನ್ನು ಮೇಲಿಂದ ಕೆಳಗೆ ನೋಡಿ. "ಆದ್ರೆ ಬಾಯಿ ಬಿಡ್ಬಾರ್ದು."

ಬಾಯಿ ಬಿಡದೆ ಬೆಂಗಾವಲು ಹೇಗಾದೀತು? ಮೂವತ್ತು ವರ್ಷ ಬಸ್ಸು ಓಡಿಸಿದವನು ಎನ್ಸಿಯೊ. ಹಿಂದಿನಿಂದ ಕೂಗಿದ. "ಎಡಗಡೆ ಮಂಜುಗಡ್ಡೆ ಇದೆ, ಹುಷಾರು!"

"ಬಲಗಡೇನೂ ಅದೇ ಇದೆ ಕಣೋ! ಇದು ಜನವರಿ!"

ಹೀಗೆ ದಿನಾ ಮೆರವಣಿಗೆ ಹೊರಡತೊಡಗಿತು. ಮನೆಯ ಹಿಂದಿನ ಓಣಿಯಿಂದ ಸರೋವರಕ್ಕೆ ಇಳಿದು, ಹೆಪ್ಪುಗಟ್ಟಿದ ನೀರಿನ ಮೇಲೆ ಉದ್ದಕ್ಕೆ ಹೋಗಿ, ಪೇಟೆಯ ಬದಿಯಲ್ಲಿ ದಡ ಹತ್ತಿ, ಪೆಟ್ರೋಲ್ ಬಂಕಿನ ಮುಂದಿನಿಂದ ಏರುದಾರಿಯಲ್ಲಿ ಮತ್ತೆ ಮನೆಗೆ. ಮುಂದೆ ಹಿಲ್ಕಾ, ಸ್ವಲ್ಪ ಹಿಂದೆ ಎನ್ಸಿಯೊ. ಅವಳು ಒಂದು ದಿನವೂ ಬೀಳಲಿಲ್ಲ. ಹಿಮಗಾಳಿ ಬೀಸಿದ ದಿನ ಓಡಿದಳು, ನೆಗಡಿಯಾದ ದಿನ ಓಡಿದಳು.

ಪೆಟ್ರೋಲ್ ಬಂಕಿನ ಕಾಫಿ ಕೋಣೆಯಲ್ಲಿ, ಕಿಟಕಿಯ ಪಕ್ಕದ ಮೇಜಿನಲ್ಲಿ, ಊರಿನ ನಿವೃತ್ತ ಗಂಡಸರೆಲ್ಲ ಬೆಳಿಗ್ಗೆಯೇ ಸೇರಿ ಲೋಕದ ಸಮಸ್ಯೆಗಳನ್ನು ಬಗೆಹರಿಸುತ್ತಾರೆ. ಓಟ ಮುಗಿಸಿ ಹೆಂಡತಿಯನ್ನು ಮನೆ ಮುಟ್ಟಿಸಿದ ಮೇಲೆ ಎನ್ಸಿಯೊ ಅಲ್ಲಿಗೆ ಬಂದು ಏಲಕ್ಕಿ ಬನ್ನು ತಿನ್ನುತ್ತಿದ್ದ. ಅವನ ಹಳೆಯ ಗೆಳೆಯ ಕಾಲೆರ್ವೊ ಕಾದೇ ಇರುತ್ತಿದ್ದ.

"ಏನಯ್ಯಾ, ಹೆಂಡ್ತಿ ಮುಂದೆ, ನೀನು ಹಿಂದೆ. ಮದುವೆ ದಿನ ಶುರುವಾದ್ದು ಇನ್ನೂ ಮುಗೀಲಿಲ್ವಾ?"

"ನಗು, ನಗು. ನಾನಿಲ್ದೇ ಹೋದ್ರೆ ಅವಳ ಗತಿ ಏನು ಹೇಳು?"

"ಫೆಬ್ರವರಿ ಬರ್ಲಿ. ಅವಳೇ ಸಾಕಪ್ಪಾ ಅಂತಾಳೆ."

ಎನ್ಸಿಯೊ ಮೇಜು ಗುದ್ದಿದ. "ಹಿಲ್ಕಾನಾ? ಕ್ರಿಸ್‌ಮಸ್ ಬೆಳಿಗ್ಗೆ ಒಲೇಲಿ ಹಂದಿತೊಡೆ ಬೇಯಕ್ಕಿಟ್ಟು ಓಡೋಕೆ ಹೋದೋಳು ಅವಳು! ನಿಮ್ಮನ್ನೆಲ್ಲ ಒಟ್ಟಿಗೆ ಕಟ್ಟಿ ತೂಗಿದ್ರೂ ಅವಳ ಒಂದು ಬೂಟಿಗೆ ಸಮ ಆಗಲ್ಲ!"

(ಈ ಮಾತನ್ನು ಅವನು ಮನೆಯಲ್ಲಿ ಒಮ್ಮೆಯೂ ಆಡಿದವನಲ್ಲ. ಮನೆಯಲ್ಲಿ ಅವನ ಪಾಲಿಗೆ ಇದ್ದದ್ದು ಉಷ್ಣಮಾಪಕ ತಟ್ಟುವ ಕೆಲಸ ಮಾತ್ರ.)

ಜನವರಿಯ ಕೊನೆಗೆ ಹವೆಗೆ ಹುಚ್ಚು ಹಿಡಿಯಿತು. ಒಂದು ರಾತ್ರಿ ಮಳೆ ಸುರಿದು, ಬೆಳಗಾಗುವುದರೊಳಗೆ ಹೆಪ್ಪುಗಟ್ಟಿ, ಊರೆಲ್ಲ ಗಾಜಾಯಿತು. ಬಂಕಿನಿಂದ ಮನೆಗೆ ಹೋಗುವ ಏರಂತೂ ನಿಂತವರನ್ನೂ ಕೆಳಕ್ಕೆ ಜಾರಿಸುತ್ತಿತ್ತು. ಎನ್ಸಿಯೊ ಪುರಸಭೆಯ ರಸ್ತೆ ವಿಭಾಗಕ್ಕೆ ಫೋನು ಹಚ್ಚಿದ. ಮಾರನೆಯ ದಿನ ಮತ್ತೆ ಹಚ್ಚಿದ. ಅದರ ಮಾರನೆಯ ದಿನವೂ ಬಿಡಲಿಲ್ಲ.

"ನನ್ನ ಹೆಂಡ್ತಿ ಆ ದಾರೀಲಿ ದಿನಾ ಓಡ್ತಾಳೆ. ಜಾರದ ಹಾಗೆ ಜಲ್ಲಿಪುಡಿ ಹಾಕಿಸ್ತೀರೋ, ಇಲ್ಲಾ ನಾನೇ ಬಂದು ನಿಮ್ಮ ಬಾಗಿಲಲ್ಲಿ ಕೂರ್ಲೋ?"

"ಹಾಕಿಸ್ತೀವಿ ಎನ್ಸಿಯೊ, ಹಾಕಿಸ್ತೀವಿ," ಎಂದಳು ಅತ್ತಲಿನ ಹೆಂಗಸು. ಅವಳಿಗೆ ಅವನ ಉಸಿರಿನ ಸದ್ದಿನಿಂದಲೇ ಗುರುತು ಹತ್ತುತ್ತಿತ್ತು.

ಕೊಟ್ಟ ಮಾತಿಗೆ ತಪ್ಪದೆ ಅವರು ಲಾರಿ ಕಳಿಸಿದರು. ಗಂಡ ಹೆಂಡಿರಿಬ್ಬರೂ ಸರೋವರದ ಮೇಲಿದ್ದಾಗ ಬಂದ ಲಾರಿ, ಬಂಕಿನ ಎದುರಿನಿಂದ ಹಿಡಿದು ಎನ್ಸಿಯೊನ ಮನೆಯ ಗೇಟಿನವರೆಗೆ ಕೈಬಿಚ್ಚಿ ಜಲ್ಲಿಪುಡಿ ಸುರಿದು ಹೋಯಿತು.

ಇದನ್ನರಿಯದ ಎನ್ಸಿಯೊ ದಡ ಹತ್ತಿದ. ಬಂಕಿನ ಕಿಟಕಿಯಲ್ಲಿ ಕಾಲೆರ್ವೊನ ಮುಖ ಕಂಡಿತು. ಇವತ್ತು ಏರನ್ನು ಒಂದೇ ಉಸಿರಿಗೆ ಹತ್ತಿ ತೋರಿಸುತ್ತೇನೆ ಎಂದು ಹಲ್ಲು ಕಚ್ಚಿ ಒದ್ದ, ಒದ್ದ, ಇನ್ನೊಮ್ಮೆ ಒದ್ದ. ಒದೆಬಂಡಿ ರಾಕೆಟ್ಟಿನಂತೆ ನುಗ್ಗಿತು. ಉಕ್ಕಿನ ಪಟ್ಟಿಗಳು ಜಲ್ಲಿಯನ್ನು ಮುಟ್ಟಿದವು. ಬಂಡಿ ಅಲ್ಲೇ ನಿಂತಿತು. ಎನ್ಸಿಯೊ ನಿಲ್ಲಲಿಲ್ಲ. ಕುರ್ಚಿಯನ್ನೂ ಕಂಬಳಿಯನ್ನೂ ದಾಟಿ ಮುಂದಕ್ಕೆ ಪ್ರಯಾಣ ಬೆಳೆಸಿದ.

ಸದ್ದು ಕೇಳಿ ಹಿಲ್ಕಾ ತಿರುಗಿ ಓಡಿಬಂದಳು. "ಬಿದ್ಯಾ?"

"ಇಲ್ಲ. ಇಳಿದೆ."

ಕಿಟಕಿಯ ಹಿಂದೆ ಇಡೀ ಮೇಜು ಎದ್ದು ನಿಂತಿತ್ತು. ಕಾಲೆರ್ವೊ ಟೋಪಿಯನ್ನೂ ಹಾಕಿಕೊಳ್ಳದೆ ಹೊರಗೆ ಬಂದ. "ಏಳಯ್ಯಾ, ಕಾರಲ್ಲಿ ಬಿಟ್ಟು ಬರ್ತೀನಿ."

"ಕಾರು ಯಾಕೆ? ನಂಗೇನಾಗಿದೆ?" ಎಂದು ಎನ್ಸಿಯೊ ಠೀವಿಯಿಂದ ಎದ್ದ. ಬಲಗಾಲು ಊರಿದ ತಕ್ಷಣ ಅಷ್ಟೇ ಠೀವಿಯಿಂದ "ಅಯ್ಯಯ್ಯೋ" ಎಂದು ಕುಸಿದ.

"ಕೂತ್ಕೋ," ಎಂದಳು ಹಿಲ್ಕಾ.

"ಎಲ್ಲಿ?"

"ನಂಗೆ ಅಂತ ಚರ್ಮ ಹಾಸಿ ಇಟ್ಟಿದ್ದೀಯಲ್ಲ, ಅಲ್ಲಿ."

ಕಾರು ಬೇಡವೆಂದು ಈಗಷ್ಟೇ ಹೇಳಿಯಾಗಿತ್ತು. ಕಾಲೆರ್ವೊನ ಎದುರು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕಿಂತ ಕಾಲು ಕಳೆದುಕೊಳ್ಳುವುದೇ ಮೇಲೆನಿಸಿ ಎನ್ಸಿಯೊ ಕುಂಟುತ್ತ ಹೋಗಿ ಕುಳಿತ. ಹಿಲ್ಕಾ ಏರಿನ ಕಡೆ ಬಂಡಿ ತಳ್ಳಿದಳು. ಕರಕರ ಸದ್ದು ಬಂತೇ ಹೊರತು ಬಂಡಿ ಗೇಣೂ ಕದಲಲಿಲ್ಲ.

"ಯಾವನು ಈ ಜಲ್ಲಿ ಹಾಕ್ಸಿದ್ದು!"

ಎನ್ಸಿಯೊ ಆಕಾಶ ನೋಡಿದ. ಉತ್ತರ ಕಾಲೆರ್ವೊ ಕೊಟ್ಟ. "ನಿನ್ನ ಗಂಡಾನೇ. ನೀನು ಬೀಳ್ಬಾರ್ದೂಂತ ದಿನಾ ಫೋನ್ ಮಾಡಿ ಅವರ ಪ್ರಾಣ ತಿಂದಿದ್ದಾನೆ."

ಹಿಲ್ಕಾ ಗಂಡನನ್ನು ನೋಡಿದಳು. ಬಗ್ಗಿ ಕಂಬಳಿಯನ್ನು ಅವನ ಮಂಡಿಯ ಸುತ್ತ ಬಿಗಿಯಾಗಿ ಸುತ್ತಿದಳು. ಆಮೇಲೆ ಬಂಡಿಯನ್ನು ಬಂದ ದಿಕ್ಕಿಗೆ ತಿರುಗಿಸಿ, "ಸರೋವರದ ಮೇಲೇ ಹೋಗೋಣ," ಎಂದಳು. ಎಂದರೆ ಆಗಷ್ಟೇ ಓಡಿ ಬಂದ ದಾರಿಯನ್ನು ಪೂರ್ತಿ ಇನ್ನೊಮ್ಮೆ, ಈ ಸಲ ಎದುರಿಗೆ ಒಬ್ಬ ಹೊಟ್ಟೆ ಬಂದ ಬಸ್ ಚಾಲಕನನ್ನು ಕೂರಿಸಿಕೊಂಡು.

ಚಳಿಗಾಲದ ಸೂರ್ಯ ಅಲ್ಲಿ ಇಣುಕುವ ಕಡೆ, ಬಾನಿನ ದಕ್ಷಿಣದ ಅಂಚಿನಲ್ಲಿ, ಕೆಂಪು ಗೆರೆಯೊಂದು ಮೂಡಿತ್ತು. ಇಷ್ಟು ದಿನ ಹೆಂಡತಿಯ ಬೆನ್ನನ್ನಷ್ಟೇ ನೋಡುತ್ತಿದ್ದ ಎನ್ಸಿಯೊಗೆ ಈಗ ಅವಳ ಉಸಿರು ಕಿವಿಯ ಹತ್ತಿರವೇ ಕೇಳಿಸಿತು. ಅದು ಏರಲಿಲ್ಲ, ತಡವರಿಸಲಿಲ್ಲ. ಮೊಳೆಬೂಟು ಮಂಜುಗಡ್ಡೆಯನ್ನು ಒಂದೇ ಲಯದಲ್ಲಿ ಕಚ್ಚಿ ಬಿಡುತ್ತಿತ್ತು. ಈ ಕಾಲುಗಳನ್ನೇ ತಾನು ಎತ್ತಿಕೊಂಡು ಬರಲು ಹೊರಟಿದ್ದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ಹೆಮ್ಮೆಯಾಯಿತು. ಅದನ್ನು ಹೇಳಬೇಕೆನಿಸಿತು.

"ಹಿಲ್ಕಾ..."

"ಏನು? ನೋಯ್ತಿದ್ಯಾ?"

"ಎಡಗಡೆ ಮಂಜುಗಡ್ಡೆ ಇದೆ."

"ಬಾಯ್ಮುಚ್ಕೊಂಡು ಟೋಪಿ ಕಿವೀಗೆ ಎಳ್ಕೋ!"

ಮೂಳೆ ಮುರಿದಿಲ್ಲ, ಕೀಲು ಉಳುಕಿದೆ, ಎರಡು ವಾರ ಕಾಲು ಊರಬೇಡಿ ಎಂದು ಮಧ್ಯಾಹ್ನ ಆರೋಗ್ಯ ಕೇಂದ್ರದಲ್ಲಿ ಹೇಳಿದರು. ಎನ್ಸಿಯೊಗೆ ಕಾಲಿಗಿಂತ ನಾಳೆಯ ಚಿಂತೆ ದೊಡ್ಡದಾಯಿತು. ಹಿಂದೆ ಯಾರೂ ಇಲ್ಲದೆ ಅವಳೊಬ್ಬಳೇ! ಮರುದಿನ ಬೆಳಿಗ್ಗೆ ಅವನು ವಾದ ಮುಗಿಸುವುದರೊಳಗೆ ಅವಳು ಹೊರಟೇಹೋದಳು. ಎನ್ಸಿಯೊ ಒಂಟಿಗಾಲಿನಲ್ಲಿ ಕುಪ್ಪಳಿಸಿ ಹೋಗಿ ಗಡಿಯಾರ ಕಾಣುವ ಕಡೆಗೆ ಕುರ್ಚಿ ಎಳೆದುಕೊಂಡ. ಸಾಕಷ್ಟು ಹೊತ್ತಿದೆ, ಆಮೇಲೆ ಕಾಫಿ ಇಡೋಣವೆಂದು ಪತ್ರಿಕೆ ಬಿಡಿಸಿದ. ಎರಡು ಪುಟ ತಿರುಗಿಸುವಷ್ಟರಲ್ಲಿ ಬಾಗಿಲು ತೆರೆಯಿತು.

ಹಿಲ್ಕಾ! ಹುಬ್ಬು, ರೆಪ್ಪೆ ಎಲ್ಲ ಬಿಳಿ. ಎನ್ಸಿಯೊ ಪತ್ರಿಕೆ ಕೆಳಗಿಟ್ಟ. ಅರ್ಧಕ್ಕೇ ಬಂದಿದ್ದಾಳೆ. ನಿನ್ನೆ ತನ್ನನ್ನು ತಳ್ಳಿ ತಳ್ಳಿ ಅವಳ ಕಾಲು ಸೋತಿದೆ. ಶಪಥ ಮುರಿಯಿತು, ತನ್ನಿಂದಲೇ ಮುರಿಯಿತು.

"ಹೋಗ್ಲಿ ಬಿಡೇ," ಎಂದ. "ಬೇಜಾರು ಮಾಡ್ಕೋಬೇಡ. ನಿನ್ನೆ ಎರಡು ಸುತ್ತು ಓಡಿದ್ದೀಯ. ಅದ್ರಲ್ಲಿ ಒಂದನ್ನ ಇವತ್ತಿಗೆ ಅಂದ್ಕೋ. ಯಾರೂ ಕೇಳಲ್ಲ."

"ಏನು ಬಡಬಡಿಸ್ತಿದ್ದೀಯ? ಪೂರ್ತಿ ಸುತ್ತು ಮುಗಿಸ್ಕೊಂಡೇ ಬಂದೆ."

ಎನ್ಸಿಯೊ ಗಡಿಯಾರ ನೋಡಿದ. ಹೆಂಡತಿಯನ್ನು ನೋಡಿದ. ಮತ್ತೆ ಗಡಿಯಾರ ನೋಡಿದ.

"ಇಷ್ಟು ಬೇಗನಾ? ಮತ್ತೆ ಇಷ್ಟು ದಿನ ಅಷ್ಟೊಂದು ಹೊತ್ತು..."

ಹಿಲ್ಕಾ ಬೂಟಿನ ದಾರ ಬಿಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ಇಷ್ಟು ದಿನ ನೀನು ಹಿಂದೆ ಇರ್ತಿದ್ಯಲ್ಲ. ಏರು ಬಂದ್ರೆ ನೀನು ಏದುಸಿರು ಬಿಡ್ತಿದ್ದೆ. ಒಬ್ಬನೇ ಹಿಂದೆ ಉಳ್ಕೊಂಡು ಎಲ್ಲಾದ್ರೂ ಬಿದ್ದು ಗಿದ್ದು ಹೋದ್ರೆ ಅಂತ ನಾನೇ ನಿಧಾನಕ್ಕೆ ಓಡ್ತಿದ್ದೆ. ಕಾಫಿ ಆಯ್ತಾ?"

ಎನ್ಸಿಯೊ ಇನ್ನೂ ನೀರೇ ಇಟ್ಟಿರಲಿಲ್ಲ.