ಸದ್ದಿಲ್ಲದೆ ಇಳಿದ ತಮ್ಮ

ದೇವರನ್ನು ನಂಬದವರನ್ನು ನೋಡಿದ್ದೇನೆ, ಡಾಕ್ಟರನ್ನು ನಂಬದವರನ್ನೂ ನೋಡಿದ್ದೇನೆ. ಆದರೆ ಪೆಟ್ರೋಲ್ ಮೀಟರಿನ ಮುಳ್ಳನ್ನು ನಂಬದೆ ಅರವತ್ತು ವರ್ಷ ಬದುಕಿದವನು ನನ್ನ ತಮ್ಮ ಒಬ್ಬನೇ! ಸಿರುಗುಪ್ಪದಲ್ಲಿ ಅಕ್ಕಿ ಮಿಲ್ಲು ಇಟ್ಟವನು. ಅವನ ಫೇತ್ ಎಲ್ಲ ಒಂದು ಬಿದಿರು ಕಡ್ಡಿಯ ಮೇಲೆ. ಮಿಲ್ಲಿನ ಜನರೇಟರ್ ಟ್ಯಾಂಕಿಗೆ ಅದ್ದಿ ನೋಡಲೆಂದು ಅಪ್ಪ ಗೀಟು ಕೊರೆದಿಟ್ಟ ಕಡ್ಡಿ ಅದು.

ನನ್ನ ಮಗಳನ್ನು ನೋಡಲು ಕುರುಗೋಡಿನಿಂದ ಒಬ್ಬ ಹುಡುಗ ಬೈಕಿನಲ್ಲಿ ಬಂದ. ವೆರಿ ಡೀಸೆಂಟ್. ನಾವು ಉಪ್ಪಿಟ್ಟು ಕೊಡುವಷ್ಟರಲ್ಲಿ ನನ್ನ ತಮ್ಮ ಹೊರಗೆ ಹೋಗಿ ಬೈಕಿನ ಟ್ಯಾಂಕಿಗೆ ಕಡ್ಡಿ ಇಳಿಸಿ ಬಂದ.

"ಬ್ಯಾಡಕ್ಕಾ. ತಿರುಗಿ ಊರಿಗೆ ಹೋಗಾಕ ಪೆಟ್ರೋಲ್ ಇಲ್ಲ. ಇವನೇನು ಸಂಸಾರ ಮಾಡ್ತಾನ?"

ಸಂಬಂಧ ಅಲ್ಲಿಗೇ ಫಿನಿಶ್!

ಅಂಥವನು ಸೆಕೆಂಡ್ ಹ್ಯಾಂಡ್ ವಿಮಾನ ಕೊಂಡ ಅಂದರೆ ನಂಬುತ್ತೀರಾ? ಪುಟ್ಟದು, ಒಬ್ಬರೇ ಕೂರುವಂಥದ್ದು. ಕಲಿತು ಲೈಸೆನ್ಸೂ ತೆಗೆದುಕೊಂಡ. ಒಂದು ದಿನ ಬಳ್ಳಾರಿಯಿಂದ ಫೋನು: "ಅಕ್ಕಾ, ಹೊಲಕ್ಕ ಬಾ. ನಿನ್ನ ತಲಿ ಮ್ಯಾಲೆ ಎರಡು ಸುತ್ತು ಹೊಡೀತೀನಿ. ಒಂದು ಮಾತು, ಮುಳ್ಳು ಸಾಲದು ಅಂತೈತಿ, ಕಡ್ಡಿ ಮೂರು ಗೀಟು ಅಂತೈತಿ."

"ಮುಳ್ಳಿನ ಮಾತು ಕೇಳೋ, ಫೂಲ್!"

"ಅಪ್ಪನ ಕಡ್ಡಿ ಸುಳ್ಳು ಹೇಳತೈತೇನಕ್ಕಾ?"

ಕಡ್ಡಿ ಸುಳ್ಳು ಹೇಳಲಿಲ್ಲ. ಜನರೇಟರಿನ ಅಗಲ ಟ್ಯಾಂಕಿನಲ್ಲಿ ಮೂರು ಗೀಟೆಂದರೆ ಇಡೀ ದಿನದ ಎಣ್ಣೆ. ವಿಮಾನದ ಇಕ್ಕಟ್ಟು ಟ್ಯಾಂಕಿನಲ್ಲಿ ಬರುವ ದಾರಿಗೆ ಮಾತ್ರ ಸಾಕು.

ತೆಕ್ಕಲಕೋಟೆ ಹತ್ತಿರ ನಮ್ಮ ಗದ್ದೆಯ ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದೆ. ನಾಟಿ ನಡೆದಿತ್ತು. ವಿಮಾನ ಬಂತು, ಒಂದು ಸುತ್ತು ಹೊಡೆಯಿತು. ಆಮೇಲೆ ಸದ್ದು ನಿಂತಿತು. ವಿಮಾನ ನಿಲ್ಲಲಿಲ್ಲ. ಮೂತಿಯ ಫ್ಯಾನು ಅಲ್ಲಾಡದೆ, ನಡುಹಗಲಿನಲ್ಲಿ, ನಮ್ಮ ಕಡೆಗೇ ಇಳಿದು ಬಂತು. ಅದರ ನೆರಳು ನಾಟಿಯ ಹೆಂಗಸರ ಬಗ್ಗಿದ ಬೆನ್ನುಗಳ ಮೇಲೆ ಒಂದೊಂದಾಗಿ ಹಾದುಹೋಯಿತು. ಕಾನ್ವೆಂಟಿನಲ್ಲಿ ಕಲಿತ ಪ್ರೇಯರಿನ ಒಂದಕ್ಷರವೂ ನನಗೆ ನೆನಪಾಗಲಿಲ್ಲ. ನಾನೇನು ಮಾಡಿದೆ ಗೊತ್ತೇ? ಮ್ಯಾನರ್ಸ್ ನೋಡಿ, ಕೈ ಬೀಸಿದೆ!

ಕೆಸರು ಅದನ್ನು ಮೂತಿ ಹಿಡಿದು ನಿಲ್ಲಿಸಿತು. ಎಷ್ಟೋ ಹೊತ್ತಿನ ಮೇಲೆ ಇವನು ತೆವಳಿ ಹೊರಗೆ ಬಂದು ಎದ್ದು ನಿಂತ. ಮೈಯೆಲ್ಲ ಕೆಸರು, ಕಣ್ಣೆರಡೇ ಬಿಳಿ. ಹೆಂಗಸರು ಹಿಂದೆ ಸರಿದರು.

"ಹತ್ರ ಹೋಗಬ್ಯಾಡ್ರಿ ಅಮ್ಮಾ," ಅಂದಳು ಅವರಲ್ಲಿ ಹಿರಿಯಳು. "ಅದು ನಮ್ಮ ಸಾವ್ಕಾರ ಅಲ್ಲ. ಮನುಷ್ಯಾ ಬಂದ್ರ ಸದ್ದಾಗತೈತಿ."

ಇವನಿಗೂ ಅದು ಕೇಳಿಸಿತು. ತನ್ನ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡ. ಆಮೇಲೆ ನನ್ನ ಕಡೆ ನೋಡಿ, ಚಿಕ್ಕವನಿದ್ದಾಗಿನ ದನಿಯಲ್ಲಿ ಕೇಳಿದ: "ಅಕ್ಕಾ, ನಾ ಅದೀನೇನು?"

ಚಪ್ಪಲಿ ಬದುವಿನ ಮೇಲೇ ಬಿಟ್ಟು ಇಳಿದೆ. ಸೆರಗಿನಿಂದ ಅವನ ಕೆನ್ನೆಯ ಕೆಸರು ಒರೆಸಿದೆ. ಕೆನ್ನೆ ಬೆಚ್ಚಗಿತ್ತು.

"ಅದೀಯಪ್ಪಾ," ಅಂದೆ. "ಇಲ್ಲೇ ಅದೀ."