ಕೊಳ ಸೋಸಿದ ನಾಭಿರಾಜಯ್ಯನ ದಿಗ್ವಿಜಯ

ಕಾಲಚಕ್ರವು ಇಳಿಮುಖವಾಗಿ ಉರುಳುತ್ತಿರುವ ಅವಸರ್ಪಿಣಿಯಲ್ಲಿ, ಅದರಲ್ಲಿಯೂ ಸಕಲವೂ ದಿನೇ ದಿನೇ ಕುಗ್ಗುತ್ತ ಹೋಗುವುದೆಂದು ಬಲ್ಲವರು ಸಾರಿರುವ ಪಂಚಮಕಾಲದಲ್ಲಿ, ಆದಿಯ ಮಾನವರು ಹರದಾರಿಗಳ ಲೆಕ್ಕದಲ್ಲಿ ಎತ್ತರವಿದ್ದರೆಂಬ ಮಾತನ್ನು ಜನರು ಆಕಳಿಸುತ್ತ ಕೇಳುತ್ತಿದ್ದ ದಿನಗಳಲ್ಲಿ, ಹಾಸನ ಸೀಮೆಯ ಒಂದು ಪೇಟೆಯ ಬಸದಿ ಬೀದಿಯಲ್ಲಿ ಐದಡಿ ನಾಲ್ಕಂಗುಲದ ಒಬ್ಬ ಮಹಾಪುರುಷನು ಬಾಳುತ್ತಿದ್ದನು. ಸೀಮೆಸುಣ್ಣವೇ ಖಡ್ಗವಾಗಿ, ಕರಿಹಲಗೆಯೇ ರಣಭೂಮಿಯಾಗಿ, ಮೂವತ್ತನಾಲ್ಕು ವರ್ಷ ಸರ್ಕಾರಿ ಪ್ರೌಢಶಾಲೆಯಲ್ಲಿ ಕಾದಿ, ಸನ್ಮಾನದ ಶಾಲು ಹೊದ್ದು ನಿವೃತ್ತನಾದ ಆ ಡ್ರಾಯಿಂಗ್ ಮಾಸ್ತರನ ಹೆಸರು ನಾಭಿರಾಜಯ್ಯ. ವಾಗ್ದೇವಿಯನ್ನು ನೆನೆದು, ಸೊಳ್ಳೆಯ ಕಂಠಕ್ಕೂ ಒಂದು ಶ್ರುತಿಯನ್ನು ದಯಪಾಲಿಸಿದ ಪ್ರಕೃತಿಗೆ ಕೈಮುಗಿದು, ಆತನ ಕೊಳದ ಕಥೆಯನ್ನು ಕೇಳುವುದು.

ಈ ಕಥೆಯು ಮೂರು ಪಾಠಗಳಲ್ಲಿ ದೊರೆಯುತ್ತದೆ. ಹಾಲಿನ ಡೈರಿಯ ಮುಂದೆ ಹೇಳುವ ಪಾಠವು ವಿಸ್ತಾರವಾದದ್ದು; ಬಸದಿಯ ಕಟ್ಟೆಯ ಮೇಲಿನ ಪಾಠವು ಸಂಕ್ಷಿಪ್ತವೂ ನಂಬಲರ್ಹವೂ ಆದದ್ದು; ಮೋಟಾರು ರಿಪೇರಿ ಅಂಗಡಿಯ ಪಾಠದಲ್ಲಿ ಪೋಲಿಮಾತು ಹೆಚ್ಚು, ಆದ್ದರಿಂದ ಅದನ್ನು ಕೈಬಿಡಲಾಗಿದೆ. ನಾಯಕನು ಕೊಳವನ್ನು ತೋಡಿಸಲು ಕಾರಣವೇನೆಂಬುದರಲ್ಲಿ ಮಾತ್ರ ಮೂರಕ್ಕೂ ಭೇದವಿಲ್ಲ. ಸ್ವಾತಂತ್ರ್ಯೋತ್ಸವಕ್ಕೆ, ಗಣರಾಜ್ಯೋತ್ಸವಕ್ಕೆ, ಇನ್ಸ್‌ಪೆಕ್ಟರು ಬರುವ ದಿನಕ್ಕೆ, ಆತನು ಶಾಲೆಯ ಹಲಗೆಯ ಮೇಲೆ ಬರೆದ ತಾವರೆಗಳಿಗೆ ಲೆಕ್ಕವಿರಲಿಲ್ಲ. ಪ್ರತಿಯೊಂದನ್ನೂ ಸಂಜೆಗೆ ಯಾರೋ ಡಸ್ಟರಿನಿಂದ ಒರಸಿದ್ದರು. ಒರಸಲಾಗದ ಒಂದು ತಾವರೆಯು ತನ್ನದೆಂಬುದಾಗಿ ಇರಬೇಕೆಂದು ಆ ಧೀರನು ನಿವೃತ್ತಿಯ ಮಾರನೆಯ ಬೆಳಿಗ್ಗೆ ಸಂಕಲ್ಪಿಸಿದನು.

ಅನಂತರ ನಕ್ಷೆಗಳ ಪರ್ವ. ಶಂಖಾಕೃತಿಯಲ್ಲೊಂದು, ಮಾವಿನಕಾಯಿಯ ಆಕೃತಿಯಲ್ಲೊಂದು, ಬಾಗಿದ ಬಾಳೆಯೆಲೆಯಂತೊಂದು, ಹೀಗೆ ಆತನು ಇಂಡಿಯನ್ ಇಂಕಿನಲ್ಲಿ ಹನ್ನೊಂದು ಸರೋವರಗಳನ್ನು ಸೃಜಿಸಿ ಗಾರೆ ಕೆಲಸದ ನಿಂಗಣ್ಣನ ಮುಂದೆ ಹರಡಿದನು. ನಿಂಗಣ್ಣನು ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದನು.

"ಸಾ, ಮಾವಿನಕಾಯಿ ಕೊಟ್ರೆ ತಿಂತೀನಿ, ಕಟ್ಟಾಕಾಗಕಿಲ್ಲ. ನಾಕ್ ಮೂಲೆ ಕೊಡಿ."

ಆದಕಾರಣ ಆ ಸರೋವರವು ಹನ್ನೆರಡಡಿ ಉದ್ದ, ಏಳಡಿ ಅಗಲ, ತೊಡೆಮಟ್ಟದ ಆಳವುಳ್ಳ ನಾಲ್ಕು ಮೂಲೆಯ ತೊಟ್ಟಿಯಾಗಿ ಅವತರಿಸಿತು. ಹೊಸ ಸಿಮೆಂಟಿನ ಕಾರ ಇಳಿಯಲೆಂದು ಮೂರಾವರ್ತಿ ನೀರು ತುಂಬಿ ಚೆಲ್ಲಿ, ಕೆರೆಯಂಗಳದ ಕಪ್ಪು ಗೋಡುಮಣ್ಣನ್ನು ಅಗಲವಾದ ಬಾನಿಯಲ್ಲಿ ತುಂಬಿ, ತಾವರೆಯ ಗೆಡ್ಡೆಯನ್ನು ಮೊಳಕೆ ಮುರಿಯದಂತೆ ಹಸುಗೂಸನ್ನು ಮಲಗಿಸುವ ಹಾಗೆ ಓರೆಯಾಗಿ ಮಲಗಿಸಿ, ಮೇಲೆ ನುಣ್ಣನೆಯ ಕಲ್ಲುಗಳನ್ನಿಟ್ಟನು. ನಲ್ಲಿಯ ನೀರಿಗೆ ಔಷಧದ ವಾಸನೆಯಿದ್ದುದರಿಂದ, ಪಕ್ಕದ ಮನೆಯ ಬಾವಿಯಿಂದ ಗೋಡೆಯ ಮೇಲೆ ಪೈಪು ಹಾಯಿಸಿ ನೀರು ತರಿಸಿದನು. ಆ ಬಾವಿಯ ಒಡೆಯನು ಬೇರೆ ಯಾರೂ ಅಲ್ಲ; ನಾಯಕನ ಹೆಂಡತಿ ಸುನಂದಮ್ಮನ ಒಡಹುಟ್ಟಿದ ಅಣ್ಣನೂ, ಬಿತ್ತನೆಬೀಜದ ಅಂಗಡಿಯ ಅಧಿಪತಿಯೂ, ನುಣುಪಾದ ತಲೆಯಿಂದ ಮಧ್ಯಾಹ್ನದ ಸೂರ್ಯನಿಗೇ ಕನ್ನಡಿ ಹಿಡಿಯುವವನೂ ಆದ ಲೋಕಪಾಲಯ್ಯ.

"ನೀರು ಎಷ್ಟು ಬೇಕಾದ್ರೂ ತಗೊಳ್ಳಿ ಭಾವ," ಎಂದನು ಲೋಕಪಾಲಯ್ಯ ಗೋಡೆಯಾಚೆಯಿಂದ. "ಎಮ್ಮೆ ಯಾವತ್ತು ಬರುತ್ತೆ ಅಂತ ಮಾತ್ರ ಮೊದಲೇ ಹೇಳಿ."

ಅಂದಿನಿಂದ ಬೀದಿಯು ಆ ಸರೋವರವನ್ನು ಎಮ್ಮೆಹೊಂಡವೆಂದೇ ಕರೆಯಿತು. ನಾಭಿರಾಜಯ್ಯನು ಸಹಿಸಿದನು. ಎಲೆಗಳು ನೀರಿನ ಮೇಲೆ ತಟ್ಟೆಗಳಂತೆ ಹರಡಿದವು. ಆಮೇಲೆ ಛತ್ರಿಗಳಂತೆ ಎದ್ದು ನಿಂತವು. ಐದನೆಯ ತಿಂಗಳ ಒಂದು ಭಾನುವಾರ ಅವುಗಳ ನಡುವೆ ಮುಷ್ಟಿಗಾತ್ರದ ಒಂದು ಮೊಗ್ಗು ಕಾಣಿಸಿತು. ಆ ದಿನ ಆತನು ಅದನ್ನು ಹದಿನಾಲ್ಕು ಸಲ ನೋಡಿ ಬಂದನೆಂದು ಡೈರಿಯ ಪಾಠ ಹೇಳುತ್ತದೆ. ಬಸದಿ ಕಟ್ಟೆಯ ಪಾಠದ ಪ್ರಕಾರ ಆತನು ಒಳಗೆ ಬರಲೇ ಇಲ್ಲ.

ಸೋಮವಾರ ಬೆಳಿಗ್ಗೆ, ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆ ಪುಟ್ಟಲಕ್ಷ್ಮಿಯು ಒಂದು ಕೈಯಲ್ಲಿ ಬಿಳಿಯ ಸೌಟನ್ನೂ ಇನ್ನೊಂದರಲ್ಲಿ ಟಾರ್ಚನ್ನೂ ಹಿಡಿದು, ಡೆಂಗಿಯ ಹುಳ ನೋಡಲೆಂದು ಹಿತ್ತಲನ್ನು ಪ್ರವೇಶಿಸಿದಳು. ಕೊಳದ ಮೂಲೆಯಲ್ಲಿ ಸೌಟು ಅದ್ದಿ ಮೇಲೆತ್ತಿದಳು. ಅದರೊಳಗೆ, ತಲೆ ಕೆಳಗಾಗಿ ಬಾಲ ಮೇಲಾಗಿ, ಚತುರಂಗಬಲವೊಂದು ಬಿಲ್ಲಿನಂತೆ ಬಾಗುತ್ತ ಬಾಣದಂತೆ ನೆಟ್ಟಗಾಗುತ್ತ ನರ್ತಿಸುತ್ತಿತ್ತು.

"ಸಾ, ಸೊಳ್ಳೆ ಮರಿ ಐತೆ. ಮೀನ್ ಬಿಡಿ, ತಿನ್ಕತವೆ."

"ಮೀನೇ? ನಮ್ಮನೆಯಲ್ಲೇ?"

"ಇಲ್ಲ ಅಂದ್ರೆ ಒಂದ್ ಲೋಟ ಸೀಮೆಎಣ್ಣೆ ಹಾಕಿ. ಅದೂ ಬ್ಯಾಡ ಅಂದ್ರೆ ನೀರ್ ಚೆಲ್ಲಿ ಒಣಗಾಕ್ಬುಡಿ."

"ಚೆಲ್ಲಿದರೆ ಅವು ಸಾಯಲ್ವೇನಮ್ಮ?"

"ಸಾಯ್ಲಿ ಅಂತಾನೇ ಅಲ್ವಾ ಸಾ ಚೆಲ್ಲೋದು." ಆಕೆಯು ಪುಸ್ತಕದಲ್ಲಿ ಬರೆದುಕೊಂಡಳು. "ಗುರುವಾರ ಬತ್ತೀನಿ. ಹಿತ್ಲಲ್ಲಿ ಒಂದ್ ಹುಳ ಕಂಡ್ರೂ ಪುರಸಭೆಯೋರು ಮಣ್ ತುಂಬುಸ್ತಾರೆ. ನನ್ ಕೈಯಲ್ಲಿ ಏನೂ ಇಲ್ಲ."

ಮೊಗ್ಗು ಬಿರಿಯಲು ಇನ್ನೂ ಐದು ದಿನ ಬೇಕಾಗಿತ್ತು. ಗುರುವಾರಕ್ಕೆ ಮೂರೇ ದಿನ. ಇರುವೆ ಸಾಲು ಕಂಡರೆ ಬೀದಿಯಲ್ಲಿಯೇ ಪಕ್ಕಕ್ಕೆ ಸರಿದು ನಿಲ್ಲುವ ಕುಲದಲ್ಲಿ ಹುಟ್ಟಿದ ಆ ವೀರನ ಮುಂದೆ ಮೂರು ದಾರಿಗಳಿದ್ದವು; ಮೂರರ ಕೊನೆಯಲ್ಲಿಯೂ ಸಾವಿರಾರು ಜೀವಗಳ ಪಾಪವು ಬಾಯ್ತೆರೆದು ಕುಳಿತಿತ್ತು. ಆತನು ಮೆಟ್ಟಿಲ ಮೇಲೆ ಕುಸಿದು ಕುಳಿತು, ಮೊಗ್ಗನ್ನೊಮ್ಮೆ ಹುಳವನ್ನೊಮ್ಮೆ ನೋಡುತ್ತ, ಮಧ್ಯಾಹ್ನದ ಮಜ್ಜಿಗೆಯನ್ನೂ ಮರೆತನು.

ಆಗ ಸುನಂದಮ್ಮನು ಅಡುಗೆಮನೆಯಿಂದಲೇ ಮಂತ್ರಾಲೋಚನೆಯನ್ನು ದಯಪಾಲಿಸಿದಳು.

"ಅಲ್ಲಾರೀ, ದಿನಾ ಕುಡಿಯೋ ನೀರನ್ನ ಏನ್ ಮಾಡ್ತೀವಿ ನಾವು? ಬಟ್ಟೇಲಿ ಸೋಸ್ತೀವಿ. ಬಟ್ಟೇಲಿ ನಿಂತ ಜೀವಾನ ನೀರು ತಂದ ಜಾಗಕ್ಕೇ ವಾಪಸ್ ಬಿಡ್ತೀವಿ. ಕೊಡ ಸೋಸೋ ಬಟ್ಟೆ ಕೊಳ ಸೋಸಲ್ವಾ?"

ಈ ಮಾತು ಕಿವಿಗೆ ಬಿದ್ದೊಡನೆ ನಾಭಿರಾಜಯ್ಯನು ಸಿಡಿಲಿನಂತೆ ಎದ್ದನು. ಪಂಚೆಯನ್ನು ಮೇಲಕ್ಕೆ ಕಟ್ಟಿ, ಎರಡು ಮಡಿಕೆಯ ಬಿಳಿಯ ಅರಿವೆಯನ್ನು ಬಿದಿರಿನ ಬಳೆಗೆ ಬಿಗಿದು, ಚೊಂಬೆಂಬ ಆಯುಧವನ್ನು ಬಲಗೈಯಲ್ಲಿ ಧರಿಸಿ, ತಾವರೆಯ ದಂಟುಗಳ ನಡುವೆ ಹೆಜ್ಜೆಯನ್ನು ಅಳೆದಳೆದು ಇಡುತ್ತ ಕೊಳದೊಳಗೆ ಇಳಿದನು. ಸೋಮವಾರದ ಮಧ್ಯಾಹ್ನ ಪ್ರಾರಂಭವಾದ ಆ ಮಹಾಸಮರದಲ್ಲಿ ಶತ್ರುಗಳು ನೆರಳು ಬಿದ್ದೊಡನೆ ಪಾತಾಳಕ್ಕೆ ಮುಳುಗುವರು, ನೆರಳು ಸರಿದೊಡನೆ ಮೇಲೇಳುವರು. ನಾಯಕನು ಮರದಂತೆ ನಿಶ್ಚಲನಾಗಿ ನಿಂತು, ಅವರು ಮೇಲೆದ್ದ ಕ್ಷಣವೇ ಚೊಂಬಿನಿಂದ ಎತ್ತಿ ಅರಿವೆಯ ಮೇಲೆ ಸುರಿಯುವನು, ಅರಿವೆಯನ್ನು ಬಿಂದಿಗೆಯ ನೀರಿನಲ್ಲಿ ಮೃದುವಾಗಿ ತಿರುವಿ ಜಾಲಿಸುವನು. ಒಂದು ರೆಕ್ಕೆ ಮುರಿಯಲಿಲ್ಲ, ಏಕೆಂದರೆ ಅವಕ್ಕೆ ಇನ್ನೂ ರೆಕ್ಕೆ ಬಂದಿರಲಿಲ್ಲ. ಮಂಗಳವಾರ ಮೂರು ಗಂಟೆಗೆ ಕೊಳವು ಗಾಜಿನಂತಾಯಿತು. ತಾಮ್ರದ ಬಿಂದಿಗೆಯು ಬಂದಿಗಳಿಂದ ಕಿಕ್ಕಿರಿಯಿತು. ಬೆಕ್ಕು ಬಾಯಿ ಹಾಕದಿರಲೆಂದು ಸುನಂದಮ್ಮನು ಬಿಂದಿಗೆಯ ಕೊರಳಿಗೆ ಅದೇ ಬಟ್ಟೆಯನ್ನು ಕಟ್ಟಿದಳು.

ಬಿಂದಿಗೆಯನ್ನು ಸೊಂಟದ ಮೇಲಿಟ್ಟುಕೊಂಡು ವಿಜಯಶಾಲಿಯು ಪಕ್ಕದ ಹಿತ್ತಲಿಗೆ ನಡೆದನು. ನೀರು ತಂದ ಜಾಗವೆಂದರೆ ಭಾವನ ಬಾವಿಯಲ್ಲವೆ? ಬಾವಿಕಟ್ಟೆಯ ಮೇಲೆ ಲೋಕಪಾಲಯ್ಯನು ಕುಳಿತು ಪೇಪರು ಓದುತ್ತಿದ್ದನು. ಈ ಘಟ್ಟದಲ್ಲಿ ನಾಯಕನು ಹೀಗೆ ಗರ್ಜಿಸಿದನೆಂದು ಡೈರಿಯ ಪಾಠದಲ್ಲಿದೆ:

"ಎಲೈ ಲೋಕಪಾಲ, ಯಾವ ಜಲವು ನಿನ್ನ ಕೂಪಗರ್ಭದಿಂದ ಎದ್ದು ನನ್ನ ಸರೋವರಕ್ಕೆ ಧುಮುಕಿತೋ, ಆ ಜಲದ ಪ್ರಜೆಗಳನ್ನು ಇಗೋ ತವರಿಗೆ ಕರೆತಂದಿದ್ದೇನೆ. ಅಗ್ನಿಯಿಂದಲ್ಲ, ವಿಷದಿಂದಲ್ಲ, ಒಂದೂವರೆ ಮೊಳದ ಅರಿವೆಯಿಂದ ಇವರನ್ನು ಗೆದ್ದವನು ನಾನು. ದಾರಿ ಬಿಡು."

ಬಸದಿ ಕಟ್ಟೆಯ ಪಾಠದಲ್ಲಿ ಇರುವುದು ಇಷ್ಟು: "ಭಾವ, ಒಂಚೂರು ಸರ್ಕೊಳ್ಳಿ. ಇದನ್ನ ಒಳಗೆ ಬಿಡ್ಬೇಕು."

"ಏನದು?"

"ನಿಮ್ಮ ನೀರಿಂದು."

ಲೋಕಪಾಲಯ್ಯನು ಬಟ್ಟೆಯನ್ನು ಸರಿಸಿ ಇಣುಕಿದನು. "ನನ್ನ ನೀರಲ್ಲಿ ಹುಳ ಇರಲಿಲ್ಲ. ಅದೇ ನೀರು ಕುಡಿದೇ ನಾನು ಇಷ್ಟು ದಪ್ಪ ಆಗಿರೋದು."

"ಸೋಸಿದ ಜೀವಾನ ಮೂಲಕ್ಕೇ ಬಿಡ್ಬೇಕು ಅನ್ನೋದನ್ನ ನಿಮ್ಮಮ್ಮನೇ ನಿಮ್ಮ ತಂಗಿಗೆ ಕಲಿಸಿದ್ದು."

"ಅಮ್ಮ ಹೇಳಿದ್ದು ಕೊಡದ ನೀರಿಗೆ. ಇಲ್ಲಿ ಸೊಳ್ಳೆ ನಿಮ್ಮ ಹೊಂಡ ನೋಡಿ, ಮೆಚ್ಚಿ, ಮೊಟ್ಟೆ ಇಟ್ಟಿದೆ. ಹುಟ್ಟಿದ ಮನೆ ನಿಮ್ಮದು ಭಾವ. ರೇಷನ್ ಕಾರ್ಡಿಗೆ ಹೆಸರು ಸೇರಿಸೋದಾದ್ರೂ ನಿಮ್ಮ ಕಾರ್ಡಿಗೇ."

"ಹುಟ್ಟಿದ್ದು ನಮ್ಮನೇಲಿ ಇರಬಹುದು. ಮೂಲ ನಿಮ್ಮದು."

"ಮೂಲ ಅಂತ ಹೋದರೆ ನನ್ನ ಬಾವಿಗೆ ಮೂಲ ಮಳೆ. ಮೋಡಕ್ಕೆ ಬಿಡ್ತೀರಾ?"

ಇಬ್ಬರೂ ಶಾಸ್ತ್ರಪಾರಂಗತರು, ಇಬ್ಬರೂ ಹಠಪಾರಂಗತರು. ಬಾವಿಗೆ ಬಿಟ್ಟರೆ ಪುಟ್ಟಲಕ್ಷ್ಮಿ ಬಾವಿಗೆ ಔಷಧ ಸುರಿಯುವಳೆಂದು ಒಬ್ಬನ ಭಯ. ತನ್ನ ಹಿತ್ತಲಿನಲ್ಲಿ ಉಳಿದರೆ ಗುರುವಾರ ಕೊಳಕ್ಕೆ ಮಣ್ಣು ಬೀಳುವುದೆಂದು ಇನ್ನೊಬ್ಬನ ಭಯ. ನೆಲಕ್ಕೆ ಚೆಲ್ಲುವ ಮಾತನ್ನು ಮಾತ್ರ ಇಬ್ಬರಲ್ಲಿ ಯಾರೂ ಎತ್ತಲಿಲ್ಲ. ಪೂರ್ವಕಾಲದ ಯುದ್ಧಗಳು ಸೂರ್ಯಾಸ್ತಕ್ಕೆ ನಿಲ್ಲುತ್ತಿದ್ದವಂತೆ; ಈ ಯುದ್ಧವು ಅದಕ್ಕೂ ಅರ್ಧ ಗಂಟೆ ಮೊದಲು ನಿಲ್ಲಬೇಕಾಯಿತು.

"ಹೊತ್ತು ಮುಳುಗಿದ ಮೇಲೆ ಉಣ್ಣೋ ಹಾಗಿಲ್ಲ ಕಣ್ರೀ, ಊಟಕ್ಕೆ ಬನ್ನಿ," ಎಂದು ಸುನಂದಮ್ಮನು ಗೋಡೆಯ ಮೇಲಿಂದ ಕೂಗಿದಳು. "ಅಣ್ಣ, ಅತ್ತಿಗೇನೂ ತಟ್ಟೆ ಹಾಕಿದಾರೆ. ಇವರ ಜೊತೆ ನೀನೂ ಉಪವಾಸ ಬೀಳಬೇಡ."

ವೀರರು ಊಟಕ್ಕೆ ಹೋದರು. ಬಿಂದಿಗೆಯು ಬಾವಿಕಟ್ಟೆಯ ಮೇಲೆಯೇ ಉಳಿಯಿತು. ಬುಧವಾರ ಬೆಳಗಾಗುವಷ್ಟರಲ್ಲಿ ಅದು ನಾಭಿರಾಜಯ್ಯನ ಒಗೆಯುವ ಕಲ್ಲಿನ ಮೇಲಿತ್ತು. ಕಾಫಿಯ ಹೊತ್ತಿಗೆ ಬಾವಿಕಟ್ಟೆಗೆ ಮರಳಿತು. ಲೋಕಪಾಲಯ್ಯನು ಅಂಗಡಿಗೆ ಹೋಗುವ ಮುಂಚೆ ಅದನ್ನು ಕೊಳದ ಅಂಚಿಗೆ ತಲುಪಿಸಿದನು. ಆತನ ಸ್ಕೂಟರು ತಿರುವು ದಾಟುವ ಮುನ್ನವೇ ಅದು ಹಿಂದಿರುಗಿತ್ತು. ಒಂದು ಹನಿ ತುಳುಕದಂತೆ, ಮಲಗಿದ ಮಗುವನ್ನು ತೊಟ್ಟಿಲಿಂದ ತೊಟ್ಟಿಲಿಗೆ ಸಾಗಿಸುವ ಎಚ್ಚರದಿಂದ ಇಬ್ಬರೂ ಅದನ್ನು ಹೊತ್ತರೆಂಬುದು ಎಲ್ಲ ಪಾಠಗಳಲ್ಲಿಯೂ ಒಂದೇ ರೀತಿ ಇದೆ. ಬುಧವಾರ ಸಂಜೆ ಸೊಂಟ ಹಿಡಿದುಕೊಂಡ ಇಬ್ಬರು ಸೇನಾಧಿಪತಿಗಳೂ ಸಂಧಿಗೆ ಒಪ್ಪಿ, ಯಾರ ಸೀಮೆಗೂ ಸೇರದ ಕಾಂಪೌಂಡು ಗೋಡೆಯ ತಲೆಯ ಮೇಲೆ ಅದನ್ನು ಪ್ರತಿಷ್ಠಾಪಿಸಿದರು.

ಗುರುವಾರ ಹನ್ನೊಂದಕ್ಕೆ ಪುಟ್ಟಲಕ್ಷ್ಮಿ ಬಂದಳು. ಕೊಳದ ನಾಲ್ಕು ಮೂಲೆಯಲ್ಲಿಯೂ ಸೌಟು ಅದ್ದಿದಳು, ಎಲೆಗಳ ಬುಡಕ್ಕೆ ಟಾರ್ಚು ಬಿಟ್ಟಳು, ಬಾನಿಯ ಸುತ್ತ ಬಗ್ಗಿ ನೋಡಿದಳು. ನಾಭಿರಾಜಯ್ಯನು ಉಸಿರು ಬಿಗಿಹಿಡಿದು ನಿಂತಿದ್ದನು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಸ್ವಂತ ಮಗಳ ಅಂಕಪಟ್ಟಿಗೂ ಆತನು ಹಾಗೆ ನಿಂತಿರಲಿಲ್ಲ.

"ಚೊಕ್ಕಟ್ಟಾಗೈತೆ ಸಾ," ಎಂದಳು ಆಕೆ. ಆಮೇಲೆ ತಲೆಯೆತ್ತಿ, "ಗೋಡೆ ಮೇಲೆ ಅದ್ಯಾರ ಬಿಂದ್ಗೆ?"

ನಾಭಿರಾಜಯ್ಯನು ಪಡುವಣಕ್ಕೆ ಬೆರಳು ತೋರಿಸಿದನು. ಗೋಡೆಯಾಚೆ ನಿಂತಿದ್ದ ಲೋಕಪಾಲಯ್ಯನು ಮೂಡಣಕ್ಕೆ ತೋರಿಸಿದನು. ಆಕೆಯು ಕೈ ಚಾಚಿ ಬಟ್ಟೆಯ ಗಂಟನ್ನು ಬಿಚ್ಚಿದಳು.

ಎರಡು ದಿನಗಳ ವಾದಪ್ರತಿವಾದಗಳ ನಡುವೆ ಬಂದಿಗಳು ಸುಮ್ಮನೆ ಕುಳಿತಿರಲಿಲ್ಲ. ಪೊರೆ ಕಳಚಿ, ಕಾಲು ಚಾಚಿ, ರೆಕ್ಕೆ ಒಣಗಿಸಿಕೊಂಡು ಕಾದಿದ್ದವು. ಕಪ್ಪು ಹೊಗೆಯ ಸುರುಳಿಯಂತೆ ಅವು ಮೇಲೆದ್ದು, ಪುಟ್ಟಲಕ್ಷ್ಮಿಯ ಮುಖವನ್ನು ಬಳಸಿ, ಎರಡಾಗಿ ಕವಲೊಡೆದು, ನ್ಯಾಯವಾಗಿ ಎರಡೂ ಮನೆಗಳ ಕಿಟಕಿಗಳನ್ನು ಪ್ರವೇಶಿಸಿದವು. ಬಿಂದಿಗೆಯಲ್ಲಿ ತೇಲುವ ಪೊರೆಗಳ ಹೊರತು ಒಂದು ಹುಳವೂ ಉಳಿದಿರಲಿಲ್ಲ.

ಆಕೆಯು ಸೆರಗಿನಿಂದ ಮುಖವನ್ನು ಒರಸಿಕೊಂಡು ಇಬ್ಬರನ್ನೂ ನೋಡಿದಳು. "ಸಾಕ್ತಿದ್ರಾ ಸಾ ಇವನ್ನ?"

ಪುಸ್ತಕದಲ್ಲಿ ಹಾರುವ ಸೊಳ್ಳೆಗೆ ಕಾಲಮ್ಮಿರಲಿಲ್ಲ. ಹುಳ ಇಲ್ಲವೆಂದು ಬರೆದು, ಎರಡೂ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಕೆನ್ನೆ ಕೆರೆದುಕೊಳ್ಳುತ್ತ ಆಕೆಯು ಮುಂದಿನ ಮನೆಗೆ ನಡೆದಳು. ಕೊಳ ಉಳಿಯಿತು.

ಶನಿವಾರ ಬೆಳಗಿನ ಆರೂವರೆಗೆ ತಾವರೆಯು ಅರಳಿತು. ಎಳೆಗೆಂಪಿನ ದಳಗಳು ಒಂದೊಂದಾಗಿ ಸಡಿಲವಾಗುವುದನ್ನು ನಾಭಿರಾಜಯ್ಯನು ನಿಂತೇ ನೋಡಿದನು; ಮೂವತ್ತನಾಲ್ಕು ವರ್ಷ ತಾನು ದಳದ ತುದಿಯನ್ನು ಕೊಂಚ ಹೆಚ್ಚೇ ಚೂಪಾಗಿ ಬರೆದಿದ್ದೆನೆಂಬುದು ಆಗ ಆತನಿಗೆ ಹೊಳೆಯಿತು. ಸುನಂದಮ್ಮನು ಬಂದು ಪಕ್ಕದಲ್ಲಿ ನಿಂತು, ಬಹಳ ಹೊತ್ತಿನ ಮೇಲೆ ಒಳಗೆ ಹೋದಳು.

ಬಿತ್ತನೆಯ ಕಾಲವಾದ್ದರಿಂದ ಲೋಕಪಾಲಯ್ಯನು ಅಂಗಡಿಯಿಂದ ಬಂದಾಗ ಸಂಜೆ ಐದು ದಾಟಿತ್ತು. ಮೊದಲ ದಿನದ ತಾವರೆಯು ಬಿಸಿಲೇರುವ ಹೊತ್ತಿಗೇ ದಳಗಳನ್ನು ಮುಚ್ಚಿಕೊಳ್ಳುವುದೆಂಬ ಸಂಗತಿಯು ಆತನಿಗೆ ಗೊತ್ತಿರಲಿಲ್ಲ. ನಾಯಕನಿಗೂ ಅಂದು ಹತ್ತು ಗಂಟೆಗಷ್ಟೇ ಗೊತ್ತಾಗಿತ್ತು. ಸಮರಾಂಗಣದ ಅಂಚಿನಲ್ಲಿ ಇಬ್ಬರು ಭಾವಂದಿರೂ ಕೈಕಟ್ಟಿ ನಿಂತರು.

"ಇದೇ ಅಲ್ವಾ ಭಾವ, ಸೋಮವಾರವೂ ಇದ್ದಿದ್ದು?"

"ಅರಳಿತ್ತು. ಮುಚ್ಚಿಕೊಂಡಿದೆ. ನಾಳೆ ಬೆಳಿಗ್ಗೆ ಬನ್ನಿ."

"ಹ್ಞೂಂ," ಎಂದನು ಲೋಕಪಾಲಯ್ಯ.

ಆ ಹೊತ್ತಿಗೆ ಒಂದು ಸೊಳ್ಳೆಯು ತೇಲಿಬಂದು ಆತನ ನುಣುಪಾದ ತಲೆಯ ನಟ್ಟನಡುವೆ ಇಳಿಯಿತು. ಸರೋವರಶೋಧಕನೂ, ಅರಿವೆಯಾಯುಧನೂ, ಅಕ್ಷತಸೈನ್ಯವಿಜೇತನೂ ಆದ ನಾಭಿರಾಜಯ್ಯನ ಬಲಗೈ ತಾನಾಗಿಯೇ ಮೇಲೆದ್ದಿತು. ಭಾವನ ತಲೆಯಿಂದ ಒಂದು ಗೇಣು ದೂರದಲ್ಲಿ ನಿಂತಿತು. ಆತನು ತುಸು ಬಗ್ಗಿ, ತುಟಿಗಳನ್ನು ಕೂಡಿಸಿ, ಉಫ್ ಎಂದು ಊದಿದನು. ಸೊಳ್ಳೆಯು ಎದ್ದು, ಒಂದು ಸುತ್ತು ಸುತ್ತಿ, ಎತ್ತಿದ ಕೈಯ ಮುಂಗೈ ಮೇಲೆಯೇ ಬಂದು ಕುಳಿತಿತು.

ಲೋಕಪಾಲಯ್ಯನು ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡು ಅದನ್ನು ಹತ್ತಿರದಿಂದ ಪರಿಶೀಲಿಸಿದನು.

"ನಿಮ್ಮನೇದೇ ಇದು ಭಾವ," ಎಂದನು. "ನೋಡಿ, ಗುರುತು ಹಿಡಿದು ಬಂದಿದೆ."

ನಾಭಿರಾಜಯ್ಯನು ಕೈಯನ್ನು ಅಲುಗಿಸದೆ, ಅದರ ಕೆಲಸ ಮುಗಿಯುವವರೆಗೆ ಕಾದನು. ಆಮೇಲೆ ಕೆರೆದುಕೊಂಡನು.